ಚೇಂಬರ್ ಬದಲಿಸಿ ಕೊಟ್ಟ ಇಮ್ಯೂನಿಟಿ ವರದಿಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಇಎಂಸಿ (ವಿದ್ಯುತ್ಕಾಂತೀಯ ಹೊಂದಾಣಿಕೆ) ಪರೀಕ್ಷಾ ವಿಭಾಗ, ಬೆಂಗಳೂರು

ಇವರಿಂದ,
ಉತ್ಪನ್ನ ಪರೀಕ್ಷಾ ವಿಭಾಗ, ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ಮಾನ್ಯರೇ,

ನಮ್ಮ ಟೆಂಪರೇಚರ್ ಕಂಟ್ರೋಲರ್‌ಗೆ ನೀವು ಕೊಟ್ಟಿರುವ ರೇಡಿಯೇಟೆಡ್ ಇಮ್ಯೂನಿಟಿ (ರೇಡಿಯೊ ತರಂಗಗಳ ನಡುವೆಯೂ ಸರಿಯಾಗಿ ನಡೆಯುವ ಸಾಮರ್ಥ್ಯ) ವರದಿಯನ್ನು ಹಿಂಪಡೆದು, ಕೊಟೇಷನ್‌ನಲ್ಲಿ ಒಪ್ಪಿದ್ದ, ಗೋಡೆ ಚಾವಣಿಗಳು ತರಂಗ ಹೀರುವ ಸೆಮಿ-ಅನೆಕೋಯಿಕ್ ಚೇಂಬರ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಕೊಡಬೇಕೆಂದು ಕೋರುತ್ತೇವೆ. ಕೊಟೇಷನ್‌ನಲ್ಲಿದ್ದದ್ದು ಐಇಸಿ 61000-4-3 ಮಾನದಂಡ: 80ರಿಂದ 1000 ಮೆಗಾಹರ್ಟ್ಸ್, ಮೀಟರಿಗೆ 10 ವೋಲ್ಟ್, 1 ಕಿಲೋಹರ್ಟ್ಸ್‌ನ ಶೇ 80 ಎಎಂ (ಆಂಪ್ಲಿಟ್ಯೂಡ್ ಮಾಡ್ಯುಲೇಷನ್, ತರಂಗದ ಬಲವನ್ನು ಏರಿಳಿಸುವುದು). ವರದಿಯ ಮೊದಲ ಪುಟದಲ್ಲೂ ಅದೇ ಇದೆ. ಐದನೇ ಪುಟದ ಫೋಟೊದಲ್ಲಿ ಕಾಣುವುದು ಮಾತ್ರ ಜಿಟೆಮ್ ಸೆಲ್, ಒಳಗೇ ಕ್ಷೇತ್ರ ಹುಟ್ಟಿಸುವ ಮುಚ್ಚಿದ ಲೋಹದ ಪೆಟ್ಟಿಗೆ. ಅದರ ಮಾನದಂಡ ಬೇರೆ, 61000-4-20.

ಜಿಟೆಮ್ ಕಳಪೆ ಎಂದು ನಾವು ಹೇಳುತ್ತಿಲ್ಲ. ಬ್ಯಾಟರಿಯಲ್ಲಿ ನಡೆಯುವ, ಕೇಬಲ್ ಇಲ್ಲದ ಚಿಕ್ಕ ಸಾಧನಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಸಣ್ಣ ಆಂಪ್ಲಿಫೈಯರ್ ಸಾಕಾಗುತ್ತದೆ. ನಮ್ಮ ಕಂಟ್ರೋಲರ್‌ಗೆ ಪಿಟಿ-100 ತಾಪಮಾನ ಸೆನ್ಸರ್ ಕೇಬಲ್ ಇಲ್ಲದೆ ಕೆಲಸವೇ ಇಲ್ಲ. 80 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 3.75 ಮೀಟರ್, ಅದರ ಕಾಲುಭಾಗ 94 ಸೆಂ.ಮೀ. ಅಲ್ಲಿ ಅಂಗೈಯಗಲದ ಡಬ್ಬಿ ಹಿಡಿಯುವುದು ಅತ್ಯಲ್ಪ, ಕೇಬಲ್ಲೇ ಆಂಟೆನಾ. ಕನಿಷ್ಠ 1 ಮೀಟರ್ ಕೇಬಲ್ ಕ್ಷೇತ್ರಕ್ಕೆ ಒಡ್ಡಿಕೊಂಡಿರಬೇಕು ಎಂದು 61000-4-3 ಹೇಳುವುದು ಇದಕ್ಕೇ. ನಿಮ್ಮ ಫೋಟೊದಲ್ಲಿ ಆ ಕೇಬಲ್ಲನ್ನು ಸುರುಳಿ ಸುತ್ತಿ, ಸೆಲ್ಲಿನ ಲೋಹದ ನೆಲಕ್ಕೆ ಟೇಪ್ ಹಾಕಿ ಅಂಟಿಸಲಾಗಿದೆ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಜಿಟೆಮ್‌ನಲ್ಲಿ ಸೆಪ್ಟಮ್ ಎಂಬ ಒಳಗಿನ ಲೋಹದ ಹಾಳೆಗೂ ನೆಲಕ್ಕೂ ನಡುವಿನ ವಿದ್ಯುತ್ ಕ್ಷೇತ್ರ ಮುಖ್ಯವಾಗಿ ಲಂಬ. ಚೇಂಬರ್‌ನಲ್ಲಾದರೆ ಅಡ್ಡ (ಹಾರಿಜಾಂಟಲ್) ಕ್ಷೇತ್ರಕ್ಕೆ ಆಂಟೆನಾ ತಿರುಗಿಸಬಹುದು, ಇಲ್ಲಿ ಸಾಧನವನ್ನೇ ಪಕ್ಕಕ್ಕೆ ಮಲಗಿಸಬೇಕು. ನಾಲ್ಕೂ ಫೋಟೊಗಳಲ್ಲಿ ಕಂಟ್ರೋಲರ್ ನೆಟ್ಟಗೆ ನಿಂತಿದೆ. ಹಾಗಾದರೆ ಕೋಷ್ಟಕದಲ್ಲಿ ‘ಹಾರಿಜಾಂಟಲ್: ಪಾಸ್’ ಎಂಬ ನಾಲ್ಕು ಸಾಲು ಎಲ್ಲಿಂದ ಬಂದವು? ಇದಕ್ಕೆ ಲಿಖಿತ ಉತ್ತರ ಬೇಕು.

ಸಮಯವೂ ತಾಳೆಯಾಗುತ್ತಿಲ್ಲ. ಶೇ 1ರ ಹೆಜ್ಜೆಯಲ್ಲಿ 80ರಿಂದ 1000ಕ್ಕೆ ಸುಮಾರು 254 ಆವರ್ತನಗಳಾಗುತ್ತವೆ. ನಮ್ಮ ಡಿಸ್‌ಪ್ಲೇ ಬದಲಾಗುವುದು 3 ಸೆಕೆಂಡಿಗೊಮ್ಮೆ ಎಂದು ಅರ್ಜಿಯಲ್ಲೇ ಬರೆದಿದ್ದೆವು. ಹಾಗಾಗಿ ಒಂದು ಸ್ವೀಪ್‌ಗೆ (80ರಿಂದ 1000ದವರೆಗಿನ ಒಂದು ಸುತ್ತಿಗೆ) ಸುಮಾರು 13 ನಿಮಿಷ, ಎಂಟಕ್ಕೆ (ನಾಲ್ಕು ಮುಖ, ಪ್ರತಿಯೊಂದಕ್ಕೂ ಲಂಬ ಮತ್ತು ಅಡ್ಡ) ಒಂದೂಮುಕ್ಕಾಲು ಗಂಟೆ ಹಿಡಿಯಬೇಕು. ನಿಮ್ಮ ಲಾಗ್‌ನಲ್ಲಿ ಎಂಟೂ 36 ನಿಮಿಷದಲ್ಲಿ ಮುಗಿದಿವೆ, ಅಂದರೆ ಪ್ರತಿ ಆವರ್ತನದಲ್ಲಿ ನಿಂತದ್ದು ಒಂದು ಸೆಕೆಂಡಿನಷ್ಟು. ರೀಡಿಂಗ್ ಜಾರಿದ್ದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಜಾರಿದ್ದು ನಿಜ. ಬೇರೊಂದು ಲ್ಯಾಬ್‌ನ 3 ಮೀಟರ್ ಚೇಂಬರ್‌ನಲ್ಲಿ, ಕೇಬಲ್ ಬಿಚ್ಚಿ ಹರಡಿದಾಗ, 94 ಮೆಗಾಹರ್ಟ್ಸ್ ಹತ್ತಿರ 120 ಡಿಗ್ರಿ ಇರಬೇಕಾದದ್ದು 131 ತೋರಿಸಿತು. ಕ್ಷೇತ್ರ ತೆಗೆದೊಡನೆ 120ಕ್ಕೆ ಮರಳಿತು. ಇನ್‌ಪುಟ್ ಆಂಪ್ಲಿಫೈಯರ್ ಆರ್‌ಎಫ್ (ರೇಡಿಯೊ ಆವರ್ತನದ ಸಂಕೇತ) ಅನ್ನು ರೆಕ್ಟಿಫೈ ಮಾಡಿ ಡಿಸಿ ಆಫ್‌ಸೆಟ್ (ರೀಡಿಂಗ್‌ಗೆ ಸೇರುವ ಸುಳ್ಳು ಸ್ಥಿರ ವೋಲ್ಟೇಜ್) ಆಗಿಸುತ್ತಿದೆ. ಈ ದೋಷ ನಮ್ಮ ಬೋರ್ಡಿನದು, ಫಿಲ್ಟರ್ ಸೇರಿಸಿ ಸರಿಪಡಿಸುತ್ತಿದ್ದೇವೆ. ಅದನ್ನು ಪತ್ತೆ ಹಚ್ಚಲೆಂದೇ ನಿಮಗೆ ಹಣ ಕೊಟ್ಟಿದ್ದೆವು.

ಫೋನಿನಲ್ಲಿ ನೀವು ತರಂಗ ಪ್ರತಿಫಲಿಸುವ ಲೋಹದ ಕೋಣೆಯಾದ ರಿವರ್ಬರೇಷನ್ ಚೇಂಬರ್‌ನಲ್ಲಿ ಮರುಪರೀಕ್ಷೆ ಮಾಡುವುದಾಗಿ ಹೇಳಿದಿರಿ. ಅದು ನಮಗೆ ಬೇಡ. ನೀವೇ ಕೊಟ್ಟ ಅಳತೆ 4 × 3 × 2.5 ಮೀಟರ್, ಅದರ ಮೊದಲ ಅನುರಣನ 62.5 ಮೆಗಾಹರ್ಟ್ಸ್. ಬಳಸಬಹುದಾದ ಕೆಳ ಆವರ್ತನ ಸಾಮಾನ್ಯವಾಗಿ ಅದರ ಮೂರು ಪಟ್ಟು, ಅಂದರೆ 190ರ ಆಸುಪಾಸು. ನಮ್ಮ ತೊಂದರೆ ಇರುವುದು ಅದರ ಕೆಳಗೆ. ಸ್ಟಿರರ್ (ಲೋಹದ ರೆಕ್ಕೆ) ತಿರುಗಿಸಿ ಪಡೆಯುವ ಸಂಖ್ಯಾಶಾಸ್ತ್ರೀಯ ಕ್ಷೇತ್ರಕ್ಕೆ 61000-4-21 ಎಂಬ ಬೇರೆ ಮಾನದಂಡವೂ ಇದೆ.

ಮರುಪರೀಕ್ಷೆಗೆ ಮೊದಲು ಚೇಂಬರ್‌ನ 16 ಬಿಂದುಗಳ ಕ್ಯಾಲಿಬ್ರೇಷನ್ ಮಾಹಿತಿ ಕಳುಹಿಸಿ: 1.5 × 1.5 ಮೀಟರ್ ಸಮತಲದಲ್ಲಿ ಕನಿಷ್ಠ 12 ಬಿಂದುಗಳಲ್ಲಿ ಕ್ಷೇತ್ರದ ಬಲ ನಿಗದಿತ ಮಟ್ಟಕ್ಕಿಂತ 0ರಿಂದ +6 ಡಿಬಿ (ಡೆಸಿಬೆಲ್) ಒಳಗಿರಬೇಕು. ಅಳತೆ ಮೀಟರಿಗೆ 18 ವೋಲ್ಟ್‌ನಲ್ಲಾಗಿರಲಿ, ಏಕೆಂದರೆ ಶೇ 80 ಎಎಂನ ಶಿಖರ ಅಲ್ಲಿಗೆ ಮುಟ್ಟುತ್ತದೆ, ಆಂಪ್ಲಿಫೈಯರ್ ಅಲ್ಲೇ ಸೋಲುತ್ತದೆ. ಆಂಟೆನಾಗೂ ಮೇಜಿಗೂ ನಡುವೆ ನೆಲಕ್ಕೆ ತರಂಗ ಹೀರುವ ಅಬ್ಸಾರ್ಬರ್ ಹಾಕಿರುವ ಫೋಟೊ ಬೇಕು. ಡ್ವೆಲ್ (ಪ್ರತಿ ಆವರ್ತನದಲ್ಲಿ ನಿಲ್ಲುವ ಸಮಯ) 3 ಸೆಕೆಂಡಿಗಿಂತ ಕಡಿಮೆ ಬೇಡ.

ಮರುಪರೀಕ್ಷೆಗೆ ಶುಲ್ಕ ಕೊಡುವುದಿಲ್ಲ. 15 ದಿನದೊಳಗೆ ದಿನಾಂಕ ತಿಳಿಸಿ. ಅಂದು ನಮ್ಮ ಎಂಜಿನಿಯರ್ ಒಬ್ಬರು ಅಲ್ಲಿರುತ್ತಾರೆ. ಕೇಬಲ್ ಹರಡಬೇಕಾದ ರೀತಿಯ ರೇಖಾಚಿತ್ರ ಲಗತ್ತಿಸಿದೆ.

ಇಂತಿ,
ಉತ್ಪನ್ನ ಪರೀಕ್ಷಾ ವಿಭಾಗ