ಎಂಜಿನ್ ಬೋರ್ ಹೊಡದ ಮ್ಯಾಲ ಅಳತಿ ಚೀಟಿನೂ ಕೊಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಮೊನ್ನಿ ನಿಮ್ಮ ಪೇಪರಿನ್ಯಾಗ ಹಳೀ ಕಾರ್ ರೆಡಿ ಮಾಡಿಸೋರ ಬಗ್ಗೆ ಬರದಿದ್ರಿ. ಪೇಂಟು, ಸೀಟು, ಬಂಪರು ಎಲ್ಲಾ ಬಂದಿತ್ತು, ಎಂಜಿನ್ ಬಗ್ಗೆ ಮಾತ್ರ ‘ರೀಬೋರ್ ಮಾಡಿಸಿದ್ರು’ ಅಂತ ಒಂದೇ ಮಾತು. ರೀಬೋರ್ ಅಂದ್ರ ಸವದ ಸಿಲಿಂಡರ್ ಒಳಗ ಕೊರದು ಜರಾ ಅಗಲ ಮಾಡೋದು. ಆ ಒಂದು ಮಾತಿನ್ಯಾಗ ನಂದು ಹೋದ ಬ್ಯಾಸಗಿ ಪೂರಾ ಮುಳಗ್ಯದ, ಅದಕ್ಕ ಈ ಪತ್ರ.

ನಮ್ಮಪ್ಪಂದು ಪ್ರೀಮಿಯರ್ ಪದ್ಮಿನಿ ಅದ, 1089 ಸಿಸಿ, 68 ಮಿ.ಮೀ. ಬೋರು (ಸಿಲಿಂಡರಿನ ಒಳಗಿನ ಅಗಲ). ಹೊಗಿ ಬಿಡ್ಲಿಕತ್ತಿತ್ತು, ಆಯಿಲ್ ಕುಡೀಲಿಕತ್ತಿತ್ತು, ಓವರ್‌ಸೈಜ್ ಪಿಸ್ಟನ್ (ಸಿಲಿಂಡರಿನ್ಯಾಗ ಮ್ಯಾಲ ಕೆಳಗ ಆಡೋ ಭಾಗ, ಕೊರದ ಬೋರಿಗಿ ಹೊಂದೋ ದೊಡ್ಡ ಸೈಜಿಂದು) ತರಿಸಿ ಇಲ್ಲೇ ಕಲಬುರಗ್ಯಾಗ ಒಂದು ಅಂಗಡಿಗಿ ಎಂಜಿನ್ ಬ್ಲಾಕ್ (ಸಿಲಿಂಡರ್ ಇರೋ ಬೀಡಿನ ಭಾಗ) ಕೊಟ್ಟೆ. ಮೇ ತಿಂಗಳು, ಹೊರಗ 42 ಡಿಗ್ರಿ, ಅಂಗಡಿ ತಗಡಿನ ಶೆಡ್ಡು. ಮಷಿನ್ ಮ್ಯಾಲಿಂದ ಇಳಿಸಿದ ಬ್ಲಾಕು ಕೈ ಇಡಲಾರದಷ್ಟು ಬಿಸಿ, ಹಂಗೇ ಗೇಜ್ ಇಳಿಸಿ ಓಕೆ ಅದರಿ ಅಂದ್ರು. ಪಿಸ್ಟನ್ ಅಳದ್ರೇನು ಅಂತ ಕೇಳ್ದೆ. ‘ಡಬ್ಬಿ ಮ್ಯಾಲ 40 ಬರದದ, ನಾ 40 ಹೊಡದೀನಿ, ಮತ್ತೇನ್ ಅಳೀಬೇಕ್ರಿ ಸರ?’ ಅಂದ್ರು (40 ಅಂದ್ರ ಓವರ್ಸೈಜಿನ ನಂಬರ್). ನಾನೂ ಸುಮ್ನಾದೆ, ತಪ್ಪು ನಂದೂ ಅದ.

ಎಂಜಿನ್ ಕೂಡಿಸಿ ಹುಮನಾಬಾದ್ ರೋಡ್ ಹಿಡದೆ, ಕಮಲಾಪುರ ಮುಟ್ಟೂದ್ರಾಗ ಗಾಡಿ ಭಾರ ಆಯ್ತು, ಕರ್ ಅಂತ ಸಪ್ಪಳ, ಎಂಜಿನ್ ಹಿಡ್ಕೊಂಡು ನಿಂತೇ ಬಿಡ್ತು. ಕೆಂಪು ಬಾಳಿಹಣ್ಣು ಮಾರೋರ ನೆರಳಾಗ ಎರಡು ತಾಸು ಕುಂತೆ (ಹಣ್ಣು ಮಾತ್ರ ಛಲೋ ಇದ್ವು). ಬಿಚ್ಚಿದ್ರ ಮೂರನೇ ಪಿಸ್ಟನ್ ಸ್ಕರ್ಟಿನ (ಪಿಸ್ಟನ್ನಿನ ಕೆಳಗಿನ ಮೈ) ಮ್ಯಾಲ ಎರಡೂ ಕಡಿ ಉದ್ದಕ ಗೀರು, ಅಲ್ಯೂಮಿನಿಯಂ ಕರಗಿ ಸಿಲಿಂಡರ್ ಗ್ವಾಡಿಗಿ ಮೆತ್ಕೊಂಡಿತ್ತು.

ಆಮ್ಯಾಲ ಒಬ್ಬ ಹಿರೇ ಉಸ್ತಾದರು ಲೆಕ್ಕ ಬಿಡಿಸಿ ಹೇಳಿದ್ರು. ಬ್ಲಾಕು 30 ಡಿಗ್ರಿ ಹೆಚ್ಚಿಗಿ ಬಿಸಿ ಇದ್ರ 68 ಮಿ.ಮೀ. ಬೋರು ಸುಮಾರು 0.02 ಮಿ.ಮೀ. ದೊಡ್ಡದಾಗಿರ್ತದ, ತಣ್ಣಗಾದ್ರ ಅಷ್ಟೂ ಒಳಗ ಬರ್ತದ. ಇಂಥಾ ಎಂಜಿನ್ನಿನ್ಯಾಗ ಪಿಸ್ಟನ್ನಿಗೂ ಗ್ವಾಡಿಗೂ ನಡಕ ಬಿಡೋ ಜಾಗಾನೇ ಒಂದು ತಲಿಗೂದಲು ಹಿಡಿಯೋದು ಕಷ್ಟ, ಅದ್ರಾಗ 0.02 ಹೋದ್ರ ಉಳಿಯೋದೇನು? ಮ್ಯಾಲ ಅಲ್ಯೂಮಿನಿಯಂ ಅಂಬೋದು ಬೀಡು ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ತದ, ಎಂಜಿನ್ ಕಾದಂಗ ಪಿಸ್ಟನ್ನೇ ಮುಂದ ಹೋಗಿ ಗ್ವಾಡಿ ಹಿಡೀತದ.

ಅದಕ್ಕ ಅವರು ಬ್ಲಾಕು, ಪಿಸ್ಟನ್ ಎರಡೂ ರಾತ್ರಿಪೂರ ಒಂದೇ ರೂಮಿನ್ಯಾಗ ಇಟ್ಟು ಮುಂಜಾನಿ ಅಳೀತಾರ. ಪಿಸ್ಟನ್ ಗುಂಡಗ ಕಂಡ್ರೂ ಗುಂಡಗಿಲ್ಲ, ಸ್ಕರ್ಟ್ ಜರಾ ಮೊಟ್ಟಿ ಆಕಾರ ಇರ್ತದ, ಪಿಸ್ಟನ್ನಿಗಿ ರಾಡ್ ಕೂಡಿಸೋ ಪಿನ್ನಿಗಿ ಅಡ್ಡ, ಮ್ಯಾನ್ಯುವಲ್ ಹೇಳಿದ ಎತ್ತರದಾಗ ಮೈಕ್ರೋಮೀಟರ್ ಹಿಡೀಬೇಕು. ಬೋರು ಮ್ಯಾಲ, ನಡಕ, ಕೆಳಗ, ಮೂರೂ ಕಡಿ ಉದ್ದ ಒಮ್ಮಿ ಅಡ್ಡ ಒಮ್ಮಿ. ಯಾವ ಪಿಸ್ಟನ್ ಯಾವ ಬೋರಿಗಿ ಅಂತ ನಂಬರ್ ಬರದು ಇಡಬೇಕು. ಪಿಸ್ಟನ್ ಸುತ್ತ ಕೂಡೋ ರಿಂಗೂ ಹಂಗೇ, ಬರೇ ರಿಂಗ್ ಬೋರಿನ್ಯಾಗ ಇಳಿಸಿ ಪಿಸ್ಟನ್ ತಲಿಯಿಂದ ಸೀದಾ ದಬ್ಬಿ ರಿಂಗಿನ ಎರಡು ತುದಿ ನಡಕಿನ ಸಂದಿ ತೆಳು ಪಟ್ಟಿಗೋಳ ಫೀಲರ್ ಗೇಜ್‌ಲೆ ನೋಡಬೇಕು, ಸಂದಿ ಕಮ್ಮಿ ಇದ್ರ ಕಾದಾಗ ತುದಿಗಿ ತುದಿ ತಾಗಿ ರಿಂಗ್ ಮುರೀತದ.

ಇದೆಲ್ಲಾ ಅರ್ಧ ದಿನದ ಕೆಲಸ, ನಾ ಕಳಕೊಂಡಿದ್ದು ಎರಡು ತಿಂಗಳು. ನನ್ನ ಬೇಡಿಕಿ ಇಷ್ಟೇ ಅದರಿ, ಬೋರಿಂಗ್ ಅಂಗಡಿಯವ್ರು ಬಿಲ್ಲಿನ ಜೋಡಿ ನಾಕು ಬೋರು ನಾಕು ಪಿಸ್ಟನ್ನಿನ ಅಳತಿ ಒಂದು ಚೀಟಿ ಮ್ಯಾಲ ಬರದು ಕೊಡ್ಲಿ, ಅಂಗಿ ಹೊಲಿಯೋ ಟೇಲರ್ ಸೈತ ಅಳತಿ ಬರಕೋತಾನ. ಮಾಲೀಕರೂ ಆ ಚೀಟಿ ಇಲ್ದೆ ರೊಕ್ಕ ಕೊಡಬ್ಯಾಡ್ರಿ. ನಮ್ಮ ಪದ್ಮಿನಿ ಈಗ 40 ದಾಟಿ 60 ಓವರ್ಸೈಜಿಗಿ ಹೋಗ್ಯದ, ಇನ್ನೊಮ್ಮಿ ಕೊರಿಸಬೇಕಂದ್ರ ಗ್ವಾಡಿನೇ ತೆಳ್ಳಗಾಗ್ಯದ.

— ಹಳೀ ಪದ್ಮಿನಿ ಮಾಲೀಕ, ಕಲಬುರಗಿ