ಕೀಲಿಕೈ ಸಿಕ್ಕ ವಾರವೇ ಸಂಘ ಸೇರು

ಬರ್ಲಿನ್

ಚಿ. ಪುಟ್ಟಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಕೆಲಸ ಸಿಕ್ಕಿದ್ದು, ವೀಸಾ ಆದದ್ದು ಎಲ್ಲ ಅಕ್ಕ ಹೇಳಿದಳು. ಮನೆಯ ವಿಚಾರ ಫೋನಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಿಕ್ಕದ್ದೆಲ್ಲ ಮರೆತರೂ ಇದೊಂದು ನೆನಪಿಟ್ಟುಕೋ: ಕೀಲಿಕೈ ಸಿಕ್ಕ ವಾರವೇ ಬರ್ಲಿನರ್ ಮೀಟರ್‌ಫೆರೈನ್‌ಗೆ ಸದಸ್ಯಳಾಗು. ಬಾಡಿಗೆದಾರರ ಸಂಘ ಅದು. ಹುಟ್ಟಿದ್ದು 1888ರಲ್ಲಿ. ಸರ್ಕಾರದ್ದಲ್ಲ, ಲಾಭಕ್ಕೆ ನಡೆಯುವುದೂ ಅಲ್ಲ, ಸದಸ್ಯರ ಚಂದಾ ಹಣದಲ್ಲಿ ನಡೆಯುತ್ತದೆ. ಈಗ ಒಂದೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ.

ಜಗಳವೇ ಇಲ್ಲದಾಗ ಸಂಘ ಯಾಕೆ ಚಿಕ್ಕಮ್ಮ ಅನ್ನುತ್ತೀಯ, ಗೊತ್ತು. ವಕೀಲರ ಸಲಹೆ ಸೇರಿದ ಕೂಡಲೇ ಸಿಗುತ್ತದೆ. ಆದರೆ ಕೋರ್ಟಿನ ಖರ್ಚು ಭರಿಸುವ ವಿಮೆ ಊರ್ಜಿತಕ್ಕೆ ಬರುವುದು ಮೂರು ತಿಂಗಳಾದ ಮೇಲೆ. ಅದಕ್ಕೂ ಮುಂಚೆ ಹುಟ್ಟಿದ ತಕರಾರಿಗೆ ಅದು ಒದಗುವುದಿಲ್ಲ. ಇಲ್ಲಿನ ನಮ್ಮ ಹುಡುಗರು ಮಾಲೀಕರ ಪತ್ರ ಕೈಗೆ ಬಂದ ದಿನ ಸಂಘದ ಬಾಗಿಲಿಗೆ ಓಡುತ್ತಾರೆ.

ಬೆಂಗಳೂರಿನಲ್ಲಿ ನಮಗೆ ಅಭ್ಯಾಸವಾಗಿರುವುದೇ ಬೇರೆ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಕೊಡುತ್ತೇವೆ, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೂ ಓನರ್ ಆಂಟಿ ಒಳ್ಳೆಯವರು ಅಂತ ಹೊಗಳಿ ಬರುತ್ತೇವೆ. ಆ ಸಂಕೋಚವನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬಾ. ಇಲ್ಲಿ ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ, ಅಂದರೆ ಹೀಟರು ನೀರಿನ ಖರ್ಚು ಸೇರಿಸದ ಬರೀ ಬಾಡಿಗೆಗಿಂತ, ಹೆಚ್ಚು ಕೇಳುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ. ಸುಣ್ಣಬಣ್ಣದ ಮಾತಿಗೆ ಬಂದರೆ, ಬಣ್ಣ ಹೊಡೆಸದ ಹಳೆ ಮನೆಯನ್ನೇ ಕೊಟ್ಟು, ಅದಕ್ಕೆ ಪ್ರತಿಯಾಗಿ ಏನೂ ಬಿಟ್ಟುಕೊಡದ ಮಾಲೀಕರು ಆ ಖರ್ಚನ್ನು ಬಾಡಿಗೆದಾರರ ತಲೆಗೆ ಕಟ್ಟುವಂತಿಲ್ಲ ಎಂದು ಇಲ್ಲಿನ ವರಿಷ್ಠ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಒಳಗೆ ಕಾಲಿಟ್ಟ ದಿನವೇ ಪ್ರತಿ ಗೋಡೆಯ, ಪ್ರತಿ ನಲ್ಲಿಯ ಫೋಟೋ ತೆಗೆದಿಡು.

ಸಂಘ ಏನು ಮಾಡುತ್ತದೆ ಅನ್ನುವುದಕ್ಕೆ ನಮ್ಮ ಮನೆಯದೇ ಕಥೆ ಕೇಳು. ಒಂದು ಚಳಿಗಾಲ ಮಲಗುವ ಕೋಣೆಯ ಬೀರುವಿನ ಹಿಂದೆ, ಹೊರಗೋಡೆಯ ಮೂಲೆಯಲ್ಲಿ, ಅಂಗೈ ಅಗಲದ ಕಪ್ಪು ಬೂಷ್ಟು ಕಾಣಿಸಿತು. ಮಾಲೀಕರನ್ನು ಕೇಳಿದರೆ, ನೀವು ಕಿಟಕಿ ತೆಗೆಯುವುದಿಲ್ಲ, ದಿನಾ ಬೇಯಿಸಿ ಮನೆಯೊಳಗೆ ಹಬೆ ತುಂಬುತ್ತೀರಿ ಎಂಬ ಉತ್ತರ. ಸಾರು ಕುದಿಸಿದ್ದಕ್ಕೆ ಗೋಡೆ ಕೆಡುವುದಾದರೆ ಮೈಸೂರಿನಲ್ಲಿ ಒಂದು ಮನೆಯೂ ನಿಲ್ಲುತ್ತಿರಲಿಲ್ಲ! ನಿನ್ನ ಚಿಕ್ಕಪ್ಪನಿಗೆ ಸಿಟ್ಟು ಬಂದು, ಮುಂದಿನ ತಿಂಗಳಿಂದ ಅರ್ಧ ಬಾಡಿಗೆ ಅಂತ ಹೊರಟರು. ಸಂಘದ ವಕೀಲೆ ತಡೆದರು. ಮನೆ ಕೆಟ್ಟಿದ್ದರೆ ಬಾಡಿಗೆ ತಗ್ಗುವುದು ಕಾನೂನೇ, ಆದರೆ ಎಷ್ಟು ತಗ್ಗಬೇಕು ಅನ್ನುವುದನ್ನು ನಾವೇ ಊಹಿಸಿ ತಪ್ಪಿದರೆ ಬಾಕಿ ಬೆಳೆಯುತ್ತದೆ. ಬಾಕಿ ಎರಡು ತಿಂಗಳ ಬಾಡಿಗೆಯಷ್ಟಾಯಿತೋ, ತಕ್ಷಣ ಮನೆ ಬಿಡಿ ಅನ್ನಬಹುದು. ಹಾಗಾಗಿ, ಹೆಚ್ಚಾದದ್ದನ್ನು ಮುಂದೆ ವಾಪಸು ಕೇಳುವ ಹಕ್ಕು ಕಾಯ್ದಿರಿಸಿ ಕಟ್ಟುತ್ತಿದ್ದೇವೆ ಎಂದು ಬರೆದು ಕೊಟ್ಟು ಪೂರ್ತಿ ಬಾಡಿಗೆ ಕಟ್ಟಿ ಅಂದರು. ಆಮೇಲೆ ಒಂದೊಂದಾಗಿ ಕೇಳಿದರು: ಬೀರು ಗೋಡೆಯಿಂದ ಎಷ್ಟು ದೂರ ಇತ್ತು, ಫೋಟೋಗೆ ತಾರೀಕು ಇದೆಯೇ, ದೂರು ಕೊಟ್ಟದ್ದು ಬಾಯಲ್ಲೋ ಕಾಗದದಲ್ಲೋ. ತೇವ ಅಳೆಯುವ ಪುಟ್ಟ ಮೀಟರೊಂದನ್ನು ಕೊಂಡು ಬೆಳಿಗ್ಗೆ ರಾತ್ರಿ ಅಂಕಿ ಬರೆದಿಟ್ಟೆವು. ಗಡುವು ಹಾಕಿದ ದೂರು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು. ಕೊನೆಗೆ ರಿಪೇರಿಯವರು ಬಂದು ನೋಡಿದರೆ, ಮಾಡಿನ ನೀರು ಇಳಿಯುವ ಪೈಪು ಹೊರಗಡೆ ಒಡೆದಿತ್ತು.

ಬಾಡಿಗೆಯ ಮೊತ್ತವನ್ನೂ ಕಣ್ಣುಮುಚ್ಚಿ ಒಪ್ಪಬೇಡ. 2015ರ ಜೂನ್‌ನಿಂದ ಇಲ್ಲಿ ಬಾಡಿಗೆಗೆ ಕಡಿವಾಣವಿದೆ: ಹೊಸಬರಿಗೆ ಮನೆ ಕೊಡುವಾಗ ಆ ಪ್ರದೇಶದ ಅಂಥದೇ ಮನೆಗಳ ದರಕ್ಕಿಂತ ಶೇ. 10ಕ್ಕೂ ಮೇಲೆ ಹೋಗಬಾರದು. ಆ ದರ ಊರಿನ ಮೀಟ್‌ಶ್ಪೀಗೆಲ್ ಪಟ್ಟಿಯಲ್ಲಿರುತ್ತದೆ. ವಿನಾಯಿತಿಗಳೂ ಬೇಕಾದಷ್ಟಿವೆ, 2014ರ ಅಕ್ಟೋಬರ್ ನಂತರ ಮೊದಲ ಬಾರಿ ಬಳಕೆಗೆ ಬಂದ ಕಟ್ಟಡಕ್ಕೆ ಇದು ಅನ್ವಯಿಸುವುದಿಲ್ಲ. ಹೆಚ್ಚಿಗೆ ತೆಗೆದುಕೊಂಡಿದ್ದಾರೆ ಅನ್ನಿಸಿದರೆ ಲಿಖಿತ ಆಕ್ಷೇಪಣೆ ಕೊಡಬೇಕು, ಅದೂ ಮೊದಲ ಮೂವತ್ತು ತಿಂಗಳೊಳಗೆ. ಆಗ ಮೊದಲ ದಿನದಿಂದಲೇ ಹೆಚ್ಚುವರಿ ಹಣ ವಾಪಸು ಕೇಳಬಹುದು. ಆ ಕಾಗದವನ್ನು ಹೇಗೆ ಬರೆಯಬೇಕೆಂದು ಸಂಘದವರೇ ಹೇಳಿಕೊಡುತ್ತಾರೆ. ವರ್ಷಕ್ಕೊಮ್ಮೆ ಬರುವ ಹೀಟರು, ನೀರು, ಕಸದ ಲೆಕ್ಕವನ್ನೂ ಅವರಿಗೆ ತೋರಿಸು.

ಇನ್ನೊಂದು. ಹೊಸದಾಗಿ ಬಂದವರಿಗೆ ಸೋಫಾ ಮಂಚ ಹಾಕಿದ ಮನೆ, ಆರು ತಿಂಗಳ ಕರಾರು ಅಂತ ತೋರಿಸಿ ದುಪ್ಪಟ್ಟು ಕೀಳುವವರು ಬಹಳ. ನಮ್ಮಲ್ಲೇ ಬಂದಿಳಿ, ಸಾವಕಾಶವಾಗಿ ಹುಡುಕೋಣ. ಖಾಲಿ ಮನೆ ಅಂದರೆ ಇಲ್ಲಿ ಎಷ್ಟೋ ಸಲ ಅಡುಗೆಮನೆಯ ಕಪಾಟೂ ಇರುವುದಿಲ್ಲ, ಹೆದರಬೇಡ. ಕರಾರುಪತ್ರದ ಕರಡು ಯಾರೇ ಕಳಿಸಲಿ, ಸಹಿ ಮಾಡುವ ಮುಂಚೆ ನನಗೆ ಕಳಿಸು. ನನ್ನ ಸದಸ್ಯತ್ವದಲ್ಲಿ ನಿನ್ನ ಕಾಗದ ತೋರಿಸಲಾಗದು, ಆದರೆ ಓದಿ ಹೇಳಲು ನನಗೇ ಬರುತ್ತದೆ.

ಇಂತಿ,
ನಿನ್ನ ಚಿಕ್ಕಮ್ಮ