ಕಾರ್ಡಿನ ಸಾಲ ಮುಗಿಯಿತು, ಜೊತೆಗೆ ನಿಂತವರಿಗೆಲ್ಲ ಥ್ಯಾಂಕ್ಸ್

ಬ್ಯಾಂಕಿನಿಂದ ನೋ ಡ್ಯೂಸ್ ಸರ್ಟಿಫಿಕೇಟ್ ಕೈಗೆ ಬಂತು. ಕ್ರೆಡಿಟ್ ಕಾರ್ಡಿನ ಸಾಲ ಮುಗಿಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಶಿವಮೊಗ್ಗದಲ್ಲಿ ಓದುವಾಗ ಸ್ಟೂಡೆಂಟ್ ಕಾರ್ಡ್ ತಗೊಂಡಿದ್ದೆ. ಇಂಥ ಕಾರ್ಡನ್ನು ಸಾಮಾನ್ಯವಾಗಿ ಎಫ್‌ಡಿ ಇಡಿಸಿಕೊಂಡು ಕೊಡುತ್ತಾರೆ. ನನ್ನದಕ್ಕೆ ಯಾವ ಅಡಮಾನವೂ ಇರಲಿಲ್ಲ. ಅಪ್ಪಯ್ಯನನ್ನು ರಾತ್ರೋರಾತ್ರಿ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋದಾಗ ಉಜ್ಜಿದ್ದು ಅದೇ ಕಾರ್ಡು. ಅಪ್ಪಯ್ಯ ಈಗ ಗಟ್ಟಿ ಇದ್ದಾರೆ, ದಿನಾ ತೋಟಕ್ಕೆ ಹೋಗಿ ಬರುತ್ತಾರೆ. ಹಾಗಾಗಿ ಆ ಖರ್ಚಿನ ಬಗ್ಗೆ ಬೇಜಾರಿಲ್ಲ. ಗೋಳೆಲ್ಲ ಬಡ್ಡಿಯದ್ದು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದರೆ ವರ್ಷಕ್ಕೆ 42. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಂತ ಕಟ್ಟಿದ್ದು ಹೆಚ್ಚುಕಮ್ಮಿ ಬಡ್ಡಿಗೇ ಹೋಗುತ್ತಿತ್ತು.

ಮೊದಲ ಥ್ಯಾಂಕ್ಸ್ ರೂಮ್‌ಮೇಟ್‌ಗೆ. ವಸೂಲಿಯವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಕೂಗಾಡುವಾಗ ನಾನು ಸುಮ್ನೆ ಅಳುತ್ತಾ ಕೂರುತ್ತಿದ್ದೆ. ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖು, ಟೈಮು, ನಂಬರು, ಆಡಿದ ಮಾತು ಎಲ್ಲ ಬರೆದಿಟ್ಟಳು. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಆ ಪುಟದ ಫೋಟೋ ಹಾಕಿ ಬ್ಯಾಂಕಿಗೆ ದೂರು ಬರೆದೆವು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುತ್ತೇವೆ ಅಂತ ಕೊನೆಗೆ ಸೇರಿಸಿದ್ದೂ ಅವಳೇ. ರಾತ್ರಿಯ ಫೋನು ನಿಂತಿತು.

ಆಮೇಲೆ ಪಕ್ಕದ ಮನೆಯ ಮಾವ. ಸೊಸೈಟಿಯಲ್ಲಿ ಸೆಕ್ರೆಟರಿ ಆಗಿ ರಿಟೈರ್ ಆದವರು, ಸಾಲ ವಸೂಲಿ ಮಾಡಿ ಗೊತ್ತಿದ್ದವರು. ವಸೂಲಿ ಏಜೆಂಟ್ ಫೋನಿನಲ್ಲಿ "ಇವತ್ತೇ ಇಷ್ಟು ಹಾಕಿ, ಸೆಟಲ್ ಮಾಡ್ತೀವಿ" ಅಂದಾಗ (ಸೆಟಲ್ ಅಂದರೆ ಬಾಕಿಗಿಂತ ಕಡಿಮೆ ಕಟ್ಟಿ ಸಾಲ ಮುಗಿಸಿಕೊಳ್ಳೋದು) ಮಾವ, "ಕಾಗದ ಬರೋ ತನಕ ಒಂದು ರೂಪಾಯಿ ಹಾಕ್ಬೇಡ ಮಾರಾಯ್ತಿ" ಅಂದರು. ಕಾಗದ ಬಂದ ಮೇಲೆ ಕನ್ನಡಕ ಹಣೆಗೇರಿಸಿ, ಪೆನ್ಸಿಲ್ ಹಿಡಿದು ಕೂತರು. ಬ್ಯಾಂಕಿನ ಲೆಟರ್‌ಹೆಡ್ ಇದೆಯಾ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಸರಿಯಾ, ಎಷ್ಟು ಕಟ್ಟಬೇಕು, ಯಾವತ್ತಿನ ಒಳಗೆ, ಕಟ್ಟಿದ ಮೇಲೆ ಏನೂ ಬಾಕಿ ಇಲ್ಲ ಅಂತ ಬರೆದಿದ್ದಾರಾ. ಆ ಕೊನೆಯ ಸಾಲೇ ಇರಲಿಲ್ಲ! ಮತ್ತೆ ಬರೆಸಿಕೊಂಡೆವು. ದುಡ್ಡನ್ನು ಏಜೆಂಟಿನ ಕೈಗೆ ಕೊಡದೆ ನೇರ ಕಾರ್ಡಿನ ಖಾತೆಗೇ ಹಾಕಿಸಿದ್ದೂ ಮಾವನೇ.

ಸೆಟಲ್ ಮಾಡಿದರೆ ನಮ್ಮ ಸಾಲದ ಲೆಕ್ಕ ಇಟ್ಟು ಸ್ಕೋರು ಕೊಡುವ ಸಿಬಿಲ್‌ನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬರುತ್ತದೆ, ಮುಂದೆ ಸಾಲ ಸಿಗೋದು ಕಷ್ಟ ಅಂತ ಕೆಲವರು ಎಚ್ಚರಿಸಿದರು. ನಿಜ. ಗೊತ್ತಿದ್ದೇ ಒಪ್ಪಿದೆ. ಬಂದ ಸಂಬಳವೆಲ್ಲ ಬಡ್ಡಿಗೆ ಸುರಿಯುವುದಕ್ಕಿಂತ ಸ್ಕೋರು ಕೆಲವು ವರ್ಷ ಕೆಳಗಿದ್ದರೇ ವಾಸಿ, ಅಲ್ವಾ?

ಇನ್ನು ಚಿಕ್ಕಪ್ಪ. ದರ ಏರಲಿ ಅಂತ ಇಟ್ಟುಕೊಂಡಿದ್ದ ರಾಶಿ ಅಡಿಕೆಯನ್ನು ಶಿವಮೊಗ್ಗದ ಮಂಡಿಗೆ ಹಾಕಿ ದುಡ್ಡು ಹೊಂದಿಸಿಕೊಟ್ಟರು. ಯಾಕೆ ಏನು ಅಂತ ಒಂದು ಮಾತು ಕೇಳಲಿಲ್ಲ. ಈ ಸಾಲಕ್ಕೆ ಬಡ್ಡಿ ಬೇಡವಂತೆ. ಅಡಿಕೆ ಸುಲಿಯೋಕೆ ಜನ ಸಿಗ್ತಿಲ್ಲ, ಕೊಯ್ಲಿನ ಹೊತ್ತಿಗೆ ರಜೆ ಹಾಕಿ ಬಾ ಅಂದಿದ್ದಾರೆ. ರಜೆಯ ಅರ್ಜಿಯಲ್ಲಿ 'ಮನೆಯಲ್ಲಿ ಅಡಿಕೆ ಕೊಯ್ಲು' ಅಂತಲೇ ಬರೆದೆ. ಮ್ಯಾನೇಜರ್ ಸಾಗರದ ಕಡೆಯವರು, ಮರುಮಾತಿಲ್ಲದೆ ಸಹಿ ಹಾಕಿದರು. ಅವರಿಗೂ ಥ್ಯಾಂಕ್ಸ್.